ಹುರುಳಿ ಸಾರಿಗೆ ನೀರು

ಹೊಳೆಯ ದಂಡೆಯಲ್ಲಿ ಒಂದು ಸಣ್ಣ ಮಠ. ಅಲ್ಲಿನ ಗುರು ಮಹಾಂತಯ್ಯನವರನ್ನು ಎಲ್ಲರೂ ಅಜ್ಜಾರು ಎಂದೇ ಕರೆಯುತ್ತಿದ್ದರು. ಅವರ ಶಿಷ್ಯ ಶಂಭುಲಿಂಗನಿಗೆ ನಾಲಿಗೆಯನ್ನು ಗೆಲ್ಲುವ ಹಟ.

ತಟ್ಟೆಗೆ ಏನೇ ಬೀಳಲಿ, ಮೊದಲು ಅದರ ಮೇಲೆ ನೀರು ಸುರಿಯುತ್ತಿದ್ದ. ಕಲಸಿ, ಕಣ್ಣು ಮುಚ್ಚಿ ಉಣ್ಣುತ್ತಿದ್ದ. ಹಬ್ಬದ ಹೋಳಿಗೆಗೂ ಅದೇ ಗತಿ. ಮಾಡಿದವರ ಕರುಳು ಚುರ್ ಎನ್ನುತ್ತಿತ್ತು, ಅದು ಬೇರೆ ಮಾತು.

ವರ್ಷಕ್ಕೊಮ್ಮೆ ಅವನ ತಾಯಿ ಕಲ್ಲವ್ವ ಆಚೆ ದಂಡೆಯಿಂದ ದೋಣಿಯಲ್ಲಿ ಬರುತ್ತಿದ್ದಳು. ಬರುವಾಗ ಮಗನಿಗೆ ಸೇರುವ ಹುರುಳಿ ಸಾರು ತರುತ್ತಿದ್ದಳು. ಒಣಕೊಬ್ಬರಿ, ಬೆಳ್ಳುಳ್ಳಿ ರುಬ್ಬಿ ಹಾಕಿ, ಹುಣಸೆಹುಳಿ ಬಿಟ್ಟು ಕುದಿಸಿದ ಸಾರು. ಆ ಒಂದು ದಿನ ಮಾತ್ರ ಶಂಭುಲಿಂಗನ ತಂಬಿಗೆ ದೂರ ಇರುತ್ತಿತ್ತು. ಮಠದವರು ನೋಡಿಯೂ ನೋಡದ ಹಾಗೆ ಇದ್ದುಬಿಡುತ್ತಿದ್ದರು.

ಆ ಸಲವೂ ಕಲ್ಲವ್ವ ಬಂದಳು. ನುಚ್ಚಿನ ಮೇಲೆ ಸಾರು ಹಾಕಿ ಮಗನ ಎದುರಿಗೆ ಕೂತಳು.

ಶಂಭುಲಿಂಗ ಒಂದು ತುತ್ತು ಬಾಯಿಗಿಟ್ಟ. ಮುಖ ಸಣ್ಣದಾಯಿತು.

"ಟೊಮೆಟೊ ಹಾಕೀನಿ, ಪಾಕೀಟಿನ ಮಸಾಲಿ ಹಾಕೀನಿ," ಅಂದಳು ಕಲ್ಲವ್ವ. "ಮನ್ಯಾಗ ನಿಮ್ಮಣ್ಣನ ಮಕ್ಕಳಿಗೆ ಹಿಂಗ ಇದ್ರ ಸೇರತೈತಿ. ಉಂಡು ಉಂಡು ನನಗೂ ರೂಢಿ ಆತು."

ಅವನು ತಂಬಿಗೆ ಎಳೆದುಕೊಂಡು ಸಾರಿನ ಮೇಲೆ ನೀರು ಸುರಿದ.

"ಸೇರಲಿಲ್ಲೇನಪಾ?"

"ಮಠಕ್ಕ ಬಂದವಗ ರುಚಿ ಎಲ್ಲೀದು, ಯವ್ವಾ."

ಕಲ್ಲವ್ವನಿಗೆ ಬಹಳ ನೋವಾಯಿತು. ಸಾರಿನ ಗಡಿಗೆಯ ಬಾಯಿಗೆ ಬಟ್ಟೆ ಕಟ್ಟಿದಳು. "ಮುಂದಿನ ವರ್ಷ ಬರಿಗೈಲೆ ಬರತೀನಿ ಬಿಡು. ನಿನ್ನ ನೋಡಿದ್ರ ಸಾಕು," ಎಂದು ಎದ್ದಳು.

ಕಟ್ಟೆಯ ಮೇಲೆ ಕೂತಿದ್ದ ಅಜ್ಜಾರು ಆಕೆಯನ್ನು ತಡೆದರು.

"ಯವ್ವಾ, ನನಗಷ್ಟು ಹಾಕು."

ನಿಧಾನವಾಗಿ ಉಂಡರು. ಆಮೇಲೆ, "ಉಪ್ಪು ಒಂದೀಟು ಮುಂದ ಆಗೇತಿ ನೋಡವಾ," ಎಂದರು.

"ಹೌದ್ರಿ ಅಜ್ಜಾರ. ಆ ಮಸಾಲ್ಯಾಗ ಮೊದಲ ಉಪ್ಪು ಇರತೈತಿ. ನಾ ಮರತು ಮತ್ತ ಹಾಕಿಬಿಡತೀನಿ," ಎಂದು ಕಲ್ಲವ್ವ ನಕ್ಕಳು. ನಗುತ್ತಲೇ ದೋಣಿ ಕಾಯಲು ಹೊಳೆಯ ಮೆಟ್ಟಿಲ ಕಡೆ ನಡೆದಳು.

ಶಿಷ್ಯನಿಗೆ ತಡೆಯಲಾಗಲಿಲ್ಲ. "ಅಜ್ಜಾರ, ನಾಲಿಗಿ ಗೆಲ್ಲಬೇಕು ಅಂತ ಹೇಳಿದವರು ನೀವ. ಈಗ ನೀವ ಉಪ್ಪಿನ ಮಾತು ಆಡತೀರಿ."

"ದಿನಾ ನೀ ನೀರು ಯಾವಾಗ ಹಾಕ್ಕೋತಿ?"

"ಉಣ್ಣೂಕಿಂತ ಮೊದಲ."

"ಇವತ್ತ?"

ಶಂಭುಲಿಂಗ ತಲೆ ತಗ್ಗಿಸಿದ. ಅಜ್ಜಾರ ಮುಂದೆ ಸುಳ್ಳು ಹೇಳುವಷ್ಟು ಅವನಿನ್ನೂ ಬೆಳೆದಿರಲಿಲ್ಲ.

"ಒಂದು ತುತ್ತು ಉಂಡ ಮ್ಯಾಲೆ," ಎಂದ. "ವರ್ಷ ಪೂರ್ತಿ ಆ ಸಾರಿನ ದಾರಿ ಕಾದಿದ್ದೆ. ಇದು ಅದಲ್ಲ. ಸಿಟ್ಟು ಬಂತು."

"ಹಂಗಾರ ಸಿಟ್ಟಿಗೆ ಕಾವಿ ಯಾಕ ಉಡಿಸಿದಿ?"

ಅವನ ಕಣ್ಣು ತುಂಬಿ ಬಂತು. ಆಚೆ ದಂಡೆಯಿಂದ ಬರುವ ದೋಣಿ ಆಗಲೇ ಹೊಳೆಯ ನಡುವೆ ಕಾಣುತ್ತಿತ್ತು. ಕಲ್ಲವ್ವ ಗಡಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡು ಮೆಟ್ಟಿಲ ಮೇಲೆ ಕೂತಿದ್ದಳು.

"ಈಗ ಏನ್ ಮಾಡ್ಲಿ ಅಜ್ಜಾರ? ರುಚಿ ಆಗಿತ್ತು ಅಂತ ಸುಳ್ಳು ಹೇಳ್ಲೇನು?"

"ಸುಳ್ಳು ಯಾಕ?" ಅಜ್ಜಾರು ಕೈ ತೊಳೆಯುತ್ತ ಹೇಳಿದರು. "ಸೇರಲಿಲ್ಲ ಅಂತ ಹೇಳು. ಹೇಳಿ, ಇನ್ನೊಂದು ಸೌಟು ಹಾಕಿಸಿಕೊಂಡು ಉಣ್ಣು."