ಕಾರಿನ ಹೊಟ್ಟೆಗೆ ಅಂಟಿದ ಮಣ್ಣು

ಹೊಳೆದಂಡೆಯ ಆಶ್ರಮಕ್ಕೆ ಭಕ್ತರೊಬ್ಬರು ಹಳೆಯ ಕಾರೊಂದನ್ನು ಬಿಟ್ಟುಹೋಗಿದ್ದರು. ಅದನ್ನು ಓಡಿಸಲು ಬರುತ್ತಿದ್ದದ್ದು ಶಿಷ್ಯೆ ಮಂದಾಕಿನಿಗೆ ಮಾತ್ರ. ಅಹಂಕಾರ ಬಿಡಲೆಂದೇ ಆಶ್ರಮ ಸೇರಿದವಳಿಗೆ ಈ ಒಂದು ವಿಷಯದಲ್ಲಿ ಅದು ಸ್ವಲ್ಪ ಉಳಿದುಕೊಂಡಿತ್ತು.

ಒಂದು ಸಂಜೆ ಗುರುಗಳನ್ನು ಪಕ್ಕದೂರಿನಿಂದ ಕರೆತರುತ್ತಿದ್ದಳು. ಎಲ್ಲರೂ ಅವರನ್ನು ಅಜ್ಜಯ್ಯ ಎನ್ನುತ್ತಿದ್ದರು. ಅಜ್ಜಯ್ಯ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಪ್ರಾರ್ಥನೆಗೆ ತಡವಾಗಿತ್ತು.

ಮಂದಾಕಿನಿ ರಸ್ತೆ ಬಿಟ್ಟು ಕುಂಬಾರರ ಹಿತ್ತಿಲ ದಾರಿ ಹಿಡಿದಳು. ಮೆತ್ತಗಿನ ಏನೋ ಒಂದರ ಮೇಲೆ ಕಾರು ಹತ್ತಿ, ಕುಲುಕಿ, ಇಳಿಯಿತು.

ಕನ್ನಡಿಯಲ್ಲಿ ನೋಡಿದಳು. ಅಜ್ಜಯ್ಯನ ಕಣ್ಣು ಮುಚ್ಚೇ ಇತ್ತು.

ಅವಳು ನಿಲ್ಲಿಸಲಿಲ್ಲ.

ಬೆಳಿಗ್ಗೆ ಕುಂಬಾರರ ಚೌಡಮ್ಮ ಆಶ್ರಮದ ಜಗಲಿಗೆ ಬಂದು ಕೂತಳು.

"ಒಂಬತ್ತು ದಿನ ನೆನೆಸಿ, ತುಳಿದು, ಒಂದೊಂದೇ ಕಲ್ಲು ಆರಿಸಿ ಇಟ್ಟಿದ್ದ ಮಣ್ಣು ಅಜ್ಜಯ್ಯ. ನಿಮ್ಮ ದೀಪೋತ್ಸವದ ಹಣತೆಗೇ ಇಟ್ಟಿದ್ದೆ. ಯಾವನೋ ಅದರ ಮ್ಯಾಲೆ ಗಾಡಿ ಹತ್ತಿಸ್ಕಂಡು ಹೋಗವ್ನೆ. ಅರ್ಧ ಗಾಡಿಗೇ ಮೆತ್ಕಂಡು ಹೋಗೈತೆ, ಉಳಿದದ್ದಕ್ಕೆ ಜಲ್ಲಿ ಸೇರೈತೆ."

ಅಜ್ಜಯ್ಯ ಮಂದಾಕಿನಿಯತ್ತ ನೋಡಿದರು.

"ಟ್ರ್ಯಾಕ್ಟರ್‌ನೋರು ಇರ್ಬೇಕು," ಎಂದಳು ಮಂದಾಕಿನಿ. "ಅವರಿಗೆ ದಾರಿ ಗೀರಿ ಅಂತ ಏನೂ ಇಲ್ಲ."

"ಅವನ ಗಾಡಿ ನಡುದಾರೀಲಿ ಕೆಟ್ಟು ನಿಲ್ಲಲಿ! ನೀನು ಓದಿದೋಳು, ಕಂಡ್ರೆ ಹೇಳವ್ವ."

ಮಂದಾಕಿನಿ ತಲೆಯಾಡಿಸಿದಳು. ಅಜ್ಜಯ್ಯ ಕಣ್ಣು ಮುಚ್ಚಿಕೊಂಡರು.

ಚೌಡಮ್ಮ ಅತ್ತ ಹೋದದ್ದೇ ಮಂದಾಕಿನಿ ಬಕೆಟ್ ಹಿಡಿದು ಕಾರಿನ ಬಳಿ ಓಡಿದಳು. ಗಾಜು, ಬಾಗಿಲು, ಚಕ್ರ ಎಲ್ಲ ತಳತಳ ಹೊಳೆಯುವ ಹಾಗೆ ಉಜ್ಜಿದಳು.

ಅಜ್ಜಯ್ಯ ಬಂದು ನಿಂತರು. "ಕೆಳಗೆ?"

"ಕೆಳಗಡೆ ಯಾರು ಬಗ್ಗಿ ನೋಡ್ತಾರೆ ಅಜ್ಜಯ್ಯ?"

"ಬಗ್ಗಿದ್ರೆ ಕಾಣಲ್ಲ. ಮಲಗಬೇಕು."

ಕಾರನ್ನು ಒಣಗಿದ ಕಾಲುವೆಗೆ ಅಡ್ಡ ನಿಲ್ಲಿಸಿ ಅವಳು ಕೆಳಗೆ ಮಲಗಿದಳು. ತಳದ ತುಂಬ ಜೇಡಿಮಣ್ಣು ಇಟ್ಟಿಗೆಯಂತೆ ಕಚ್ಚಿಕೊಂಡಿತ್ತು. ನೀರು ಎರಚಿದಳು. ನೀರು ಅವಳ ಮುಖಕ್ಕೇ ವಾಪಸ್ಸು ಬಂತು. ಕಬ್ಬಿಣದ ಸಲಾಕೆಯಿಂದ ಕೆರೆದಳು. ಬಣ್ಣ ಎದ್ದಿತೇ ಹೊರತು ಮಣ್ಣು ಏಳಲಿಲ್ಲ.

"ಕೆರೀಬೇಡ," ಎಂದರು ಅಜ್ಜಯ್ಯ ಮೇಲಿನಿಂದ. "ಒದ್ದೆ ಗೋಣಿ ಕಟ್ಟು. ನೆನೀಲಿ."

"ಎಷ್ಟು ಹೊತ್ತು?"

"ಅದು ಬಿಡೋವರೆಗೆ."

ಮಧ್ಯಾಹ್ನದ ಹೊತ್ತಿಗೆ ಅದು ಬಿಟ್ಟಿತು. ಬಿದಿರ ಸೀಳು ತೂರಿಸಿದರೆ ಹೆಂಟೆ ಹೆಂಟೆಯಾಗಿ ಬುಟ್ಟಿಗೆ ಬೀಳುತ್ತಿತ್ತು. ಅಜ್ಜಯ್ಯ ಒಂದು ಚೂರು ತೆಗೆದುಕೊಂಡು ಬೆರಳಲ್ಲಿ ತಿಕ್ಕಿದರು.

"ಒಂದು ಹರಳೂ ಇಲ್ಲವಲ್ಲ ಇದರಲ್ಲಿ."

ಕಾರಿನ ಕೆಳಗೆ ಸದ್ದು ನಿಂತಿತು.

"ರಸ್ತೆ ಮಣ್ಣಾಗಿದ್ರೆ ಇರ್ತಿತ್ತು."

ಹೊರಗೆ ಚಾಚಿದ್ದ ಎರಡು ಪಾದಗಳು ಮೆಲ್ಲಗೆ ಒಳಕ್ಕೆ ಸರಿದವು.

"ಅಜ್ಜಯ್ಯ," ಎಂದಿತು ಕೆಳಗಿನ ದನಿ. "ಅದು ಟ್ರ್ಯಾಕ್ಟರ್ ಅಲ್ಲ."

"ಕಾರಿಗೆ ಹೇಳಿ ಏನುಪಯೋಗ?"

"ಯಾವ ಮುಖ ಇಟ್ಕೊಂಡು ಹೋಗ್ಲಿ? ಬೆಳಿಗ್ಗೆ ಅವಳೆದುರಿಗೇ ಅಷ್ಟು ಸಲೀಸಾಗಿ ಹೇಳಿದೆ."

"ಬುಟ್ಟಿ ಭಾರ ಇದೆ. ತಲೆಗೆ ಸಿಂಬಿ ಇಟ್ಕೋ."

ಚೌಡಮ್ಮನ ಹಿತ್ತಿಲಲ್ಲಿ ಮೂವರು ಸೊಸೆಯಂದಿರೂ ಇದ್ದರು. ಮಂದಾಕಿನಿ ಬುಟ್ಟಿ ಇಳಿಸಿ, ನಡೆದದ್ದನ್ನು ನಡೆದಂತೆ ಹೇಳಿದಳು. ಚೌಡಮ್ಮ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಬುಟ್ಟಿಯ ಮಣ್ಣು ಎತ್ತಿ ಮೂಸಿದಳು.

"ಆಯಿಲ್ ಕುಡಿದೈತೆ. ಇದರಲ್ಲಿ ಹಣತೆ ಮಾಡಿದ್ರೆ ಸುಡೋವಾಗ ಆವಿಗೇಲೇ ಸಿಡಿದು ಹೋಗ್ತವೆ."

"ಹಾಗಾದ್ರೆ ನಾನೇನು ಮಾಡ್ಲಿ ಚೌಡಮ್ಮ?"

"ನನ್ನೇನ್ ಕೇಳ್ತೀಯ? ಊರಿಗೆಲ್ಲ ಹೇಳಿಕೊಡೋರು ನೀವು." ಹೊಸದಾಗಿ ನೆನೆಹಾಕಿದ್ದ ಮಣ್ಣಿನ ಗುಂಡಿಯತ್ತ ಗದ್ದ ಎತ್ತಿ ತೋರಿಸಿದಳು. "ಕಾಲು ಐತಲ್ಲ?"

ಮಂದಾಕಿನಿ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ಗುಂಡಿಗೆ ಇಳಿದಳು.

"ಟ್ರ್ಯಾಕ್ಟರ್ ಇಳೀತು ನೋಡ್ರೇ!" ಎಂದಳು ಕಿರಿಯ ಸೊಸೆ.

ಉಳಿದವರು ಬಿದ್ದೂ ಬಿದ್ದೂ ನಕ್ಕರು. ಮಂದಾಕಿನಿ ತಲೆ ಎತ್ತಲಿಲ್ಲ. ತುಳಿದಳು. ಕಾಲಿಗೆ ಸಿಕ್ಕ ಹರಳನ್ನು ಬಗ್ಗಿ ಹೆಕ್ಕಿ ಹೊರಗೆಸೆದಳು. ಮತ್ತೆ ತುಳಿದಳು.

ಎರಡನೆಯ ದಿನವೂ ಅದೇ ಕೆಲಸ, ಅದೇ ನಗು.

ಮೂರನೆಯ ಬೆಳಿಗ್ಗೆ ನಗು ಥಟ್ಟನೆ ನಿಂತಿತು. ಗುಂಡಿಯ ಅಂಚಿನಲ್ಲಿ ಎರಡು ಮುದಿ ಪಾದಗಳು ಕಂಡವು. ಪಕ್ಕದಲ್ಲಿ ಕಳಚಿಟ್ಟ ಚಪ್ಪಲಿ.

"ಅಜ್ಜಯ್ಯ, ನೀವ್ಯಾಕೆ ಬರೋಕೆ ಹೋದ್ರಿ?" ಮಂದಾಕಿನಿ ಗಾಬರಿಯಾದಳು. "ತಪ್ಪು ನಂದು. ನೀವು ಪಾಪ ಕಾರಲ್ಲಿ ನಿದ್ದೆ ಮಾಡ್ತಿದ್ರಿ."

ಅಜ್ಜಯ್ಯ ಕಾವಿಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿಕೊಂಡರು. ಚೌಡಮ್ಮನ ಮುಖ ನೋಡಲು ಅವರಿಂದಾಗಲಿಲ್ಲ.

"ನಿದ್ದೆ ಬಂದಿರಲಿಲ್ಲ," ಎಂದರು. "ಸ್ವಲ್ಪ ಸರ್ಕೋ, ತಾಯಿ."