ನಾತ ಹಿಡಿದ ಇದ್ದಿಲು

"ಗುರುಗಳೇ, ಅಸಹ್ಯ ಹುಟ್ಟದಂತೆ ಮನಸ್ಸನ್ನು ಹದ ಮಾಡಿಕೊಳ್ಳುವ ಉಪಾಯವೇನು?" ಎಂದು ಶಿಷ್ಯ ಕೇಳಿದ. ಅವನು ಪಾಠ ಹೇಳಲು ಹೋಗುತ್ತಿದ್ದ ಸಾಹುಕಾರನ ಮನೆಯಲ್ಲಿ ಆಳುಗಳಿಗೆ ದಿನವೂ ಹೊಡೆತ ಬೀಳುತ್ತಿತ್ತು. ಅಲ್ಲಿ ಊಟಕ್ಕೆ ಕುಳಿತರೆ ಅಸಹ್ಯವಾಗಿ ಎಲೆ ಬಿಟ್ಟು ಎದ್ದುಬಿಡುತ್ತೇನೆ ಎಂದ.

ಗುರುಗಳು ಹೇಳಿದರು:

ಒಬ್ಬ ಇದ್ದಿಲು ಸುಡುವವನಿದ್ದ. ಅವನ ತಮ್ಮ ಒಬ್ಬ ಚರ್ಮದ ವ್ಯಾಪಾರಿಯ ಹತ್ತಿರ ಕೂಲಿ. ತೊಗಲು ನೆನೆಹಾಕುವ ಹೊಂಡಕ್ಕೆ ಇಳಿದು ಕೊಳೆತ ಕೆಸರು ಎತ್ತುವುದು ಅವನ ಕೆಲಸ. ನಾತ ಏರಿದೊಡನೆ ತಾಳಲಾರದೆ ಮೇಲಕ್ಕೆ ಓಡಿ ಬರುತ್ತಿದ್ದ.

"ಮೈಗಳ್ಳ! ನಾತಕ್ಕೆ ಯಾರಾದರೂ ಸತ್ತದ್ದುಂಟೇನೋ?" ಎಂದು ವ್ಯಾಪಾರಿ ಬೈಯುತ್ತಿದ್ದ. ಹೊಂಡಕ್ಕೆ ಎಂದೂ ಇಳಿಯದವರಿಗೆ ಇಂಥ ಮಾತು ಸುಲಭ.

ಅಣ್ಣನ ಕರುಳು ಚುರುಕ್ ಎಂದಿತು. ಇದ್ದಿಲಿನ ಮೈತುಂಬ ಕಣ್ಣಿಗೆ ಕಾಣದ ತೂತುಗಳಿರುತ್ತವೆ. ಒಳಹೊಕ್ಕ ಗಾಳಿ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಆದರೆ ಮೂಗಿಗೆ ಕಟ್ಟಿ ನೋಡಿದಾಗ ಬರಿಯ ಇದ್ದಿಲು ಆ ನಾತವನ್ನು ಹೆಚ್ಚು ಹೊತ್ತು ತಡೆಯಲಿಲ್ಲ. ಅವನು ಕರಟದ ಇದ್ದಿಲನ್ನು ಕುಟ್ಟಿ, ಬೂದಿಯ ತಿಳಿನೀರಿನಲ್ಲಿ ನೆನೆಸಿ ಒಣಗಿಸಿದ. ಇದ್ದಿಲಿನ ಗುಣವೇ ಬದಲಾಯಿತು. ಅದನ್ನು ಬಟ್ಟೆಯಲ್ಲಿಟ್ಟು ಹೊಲಿದು ತಮ್ಮನ ಮೂಗು ಬಾಯಿಗೆ ಕಟ್ಟಿದ. ಹೊಂಡದ ನಾತವೆಲ್ಲ ಇದ್ದಿಲಿನಲ್ಲೇ ನಿಂತಿತು. ತಮ್ಮ ಅಣ್ಣನ ಕಾಲಿಗೆ ಬಿದ್ದ. ವ್ಯಾಪಾರಿಯೂ ಹಿಗ್ಗಿದ, ಮೇಲೆ ಬರಲು ತಮ್ಮನಿಗೆ ಇನ್ನು ನೆಪವಿರಲಿಲ್ಲ.

ಹೊಂಡದ ತಳದಲ್ಲಿ ಉಸಿರು ಕಟ್ಟಿಸಿ ಕೊಲ್ಲುವ ಇನ್ನೊಂದು ಗಾಳಿ ಇತ್ತು. ಅದಕ್ಕೆ ವಾಸನೆಯಿಲ್ಲ. ಆ ಇದ್ದಿಲಿಗೆ ಅದು ಸಿಕ್ಕುವುದೂ ಇಲ್ಲ. ಅಷ್ಟು ದಿನ ನಾತವೇ ತಮ್ಮನನ್ನು ಹೊರಗೆ ಅಟ್ಟಿ ಉಳಿಸಿತ್ತು. ಈಗ ಅಟ್ಟುವವರಿಲ್ಲ. ಕೆಸರು ಎತ್ತುತ್ತಲೇ ಅವನು ಕುಸಿದು ಸತ್ತ.

"ನಿನ್ನ ಇದ್ದಿಲು ಕೈಕೊಟ್ಟಿತಲ್ಲೋ," ಎಂದ ವ್ಯಾಪಾರಿ.

"ಇಲ್ಲ ಧಣಿ, ಅದು ತನ್ನ ಕೆಲಸ ಸರಿಯಾಗಿಯೇ ಮಾಡಿತು. ಅದಕ್ಕೇ ಅವನು ಸತ್ತ," ಎಂದು ಅಣ್ಣ ಎದೆ ಬಡಿದುಕೊಂಡು ಅತ್ತ.

ಹೊಂಡದಲ್ಲಿ ಕೆಸರು ಇನ್ನೂ ಉಳಿದಿತ್ತು. ತಮ್ಮನನ್ನು ಮಣ್ಣು ಮಾಡುವ ಮೊದಲೇ ವ್ಯಾಪಾರಿ, ಅಂಥ ಬಟ್ಟೆ ಇನ್ನಷ್ಟು ಹೊಲಿದು ಕೊಡು ಎಂದು ಅಣ್ಣನಿಗೆ ಹೇಳಿಕಳುಹಿಸಿದ.

ಗುರುಗಳು ಕತೆ ನಿಲ್ಲಿಸಿ ಶಿಷ್ಯನ ಕಡೆ ತಿರುಗಿದರು.

"ಉಪಾಯ ಬೇಕಾದರೆ ಈಗಲೇ ಹೇಳಿಕೊಡುತ್ತೇನೆ, ನಿನಗೆ ಅದನ್ನೇ ಕಲಿಸಿ ಎಂದು ನಿನ್ನ ಸಾಹುಕಾರನೂ ನಿನ್ನೆ ಬಂದು ಕೇಳಿಕೊಂಡು ಹೋಗಿದ್ದಾನೆ."