ಹಗಲೆಲ್ಲ ಕೂತು ಉಣ್ಣುವವನು

"ಕೇಳ್ರಪ್ಪೋ ಕೇಳ್ರಿ! ಸೋಮಗಿರಿಯ ಭಂಡಾರ ಬರಿದಾಗೈತಿ. ರಾಣಿ ನೀಲಾಜಮ್ಮನವರು ಮೂರು ಒಗಟು ಕೇಳ್ತಾರ. ಮೂರನ್ನೂ ಬಿಡಿಸಿದವಗ ಅರಮನಿ ಉಗ್ರಾಣದ ಬೀಗದಕೈ. ಒಂದು ತಪ್ಪಿದ್ರೂ ಅಮಾಸಿ ದಿನ ತಲಿ ಹೋಗ್ತದ!"

ಡಂಗುರದ ಸದ್ದು ಓಣಿ ದಾಟುವ ಮುಂಚೆಯೇ ಯಲ್ಲಪ್ಪ ರುಮಾಲು ಸುತ್ತಿಕೊಂಡು ಹೊರಟಿದ್ದ. ಅವನಿಗೆ ಬಾಯಿ ಜೋರು, ಬುದ್ಧಿ ಸ್ವಲ್ಪ ನಿಧಾನ. ಮೊದಲನೆಯ ಒಗಟಿಗೇ ಮುಗ್ಗರಿಸಿ ಸಂಜೆಯೊಳಗೆ ಸೆರೆಮನೆ ಸೇರಿದ.

ಅವನ ತಮ್ಮ ಬರಮ ಪೊರಕೆ ಕಟ್ಟಿ ಮಾರುವವನು. ನಾಲ್ಕು ಜನ ಸೇರಿದ ಕಡೆ ಹಿಂದೆ ಸರಿದು ನಿಲ್ಲುವ ಸ್ವಭಾವ. ತಂದೆ ತೀರಿಕೊಂಡ ಮೇಲೆ ತಾಯಿಯ ಜೊತೆ ಕೂತು ಮನೆಯ ಖರ್ಚು ತೂಗಿಸಿದವನು ಅವನೇ. ಅಣ್ಣ ಹೋದಮೇಲೂ ತಾಯಿ ದಿನಾ ಅವನ ಪಾಲಿನ ಜೋಳ ಅಳೆದು ಗಡಿಗೆಗೆ ಸುರಿಯುತ್ತಿದ್ದಳು. "ಬಂದ ದಿನ ಬೇಕಾಗ್ತದ" ಎನ್ನುತ್ತಿದ್ದಳು. ಆ ಮಾತು ಕೇಳಿ ಕೇಳಿ ಬರಮನಿಗೆ ಮನೆಯಲ್ಲಿ ಕೂರಲಾಗಲಿಲ್ಲ. ಅಮಾವಾಸ್ಯೆಗೆ ಎರಡು ದಿನ ಇರುವಾಗ ಅವನು ಅರಮನೆಗೆ ನಡೆದ.

ಅಂದು ಸಭೆಯಲ್ಲಿ ಒಗಟು ಬಿಡಿಸಲು ಮೂವರು ನಿಂತಿದ್ದರು. ಶಾಲು ಹೊದ್ದ ಪಂಡಿತರು, ಬೆರಳ ತುಂಬ ಉಂಗುರ ತೊಟ್ಟ ಮುತ್ತಿನ ವ್ಯಾಪಾರಿ, ಮೂರನೆಯವನು ಬರಮ. ಅವನ ಅಂಗಿಗೆ ಪೊರಕೆಯ ಕಸ ಇನ್ನೂ ಅಂಟಿಕೊಂಡಿತ್ತು.

ರಾಣಿ ಕೇಳಿದಳು: "ಒಂದು ಮನೆಯಲ್ಲಿ ದಿನಾ ಬೆಳಗ್ಗೆ ಕಳ್ಳತನ ಆಗುತ್ತದೆ. ಕದ್ದ ಮಾಲು ಮನೆಯ ಹೊಸಿಲು ದಾಟುವುದಿಲ್ಲ. ಹಸಿವು ಬಂದ ದಿನ ಮನೆಮಂದಿಯೆಲ್ಲ ಆ ಕಳ್ಳನಿಗೇ ಕೈ ಮುಗಿಯುತ್ತಾರೆ. ಕದ್ದದ್ದು ಏನು?"

ಪಂಡಿತರು ಗಂಟಲು ಸರಿಮಾಡಿಕೊಂಡರು. "ಆಯುಷ್ಯ, ಮಹಾರಾಣಿ. ಕದಿಯುವವನು ಕಾಲಪುರುಷ."

"ಹಸಿದವನು ಆಯುಷ್ಯ ಉಣ್ಣುತ್ತಾನೆಯೇ?" ಎಂದಳು ರಾಣಿ. ಭಟರು ಪಂಡಿತರನ್ನು ಕರೆದೊಯ್ದರು. ಶಾಲು ಅಲ್ಲೇ ಬಿತ್ತು.

ಬರಮ ಒಂದು ಹೆಜ್ಜೆ ಮುಂದೆ ಬಂದ. "ಒಂದು ಹಿಡಿ ಜೋಳರೀ" ಎಂದ. "ಬೀಸೋಕ ಕೂರೋ ಮುಂಚೆ ನಮ್ಮವ್ವ ಮೊರದಾಗಿಂದ ಒಂದು ಹಿಡಿ ತಗದು ಗಡಿಗಿಗೆ ಹಾಕ್ತಾಳ. ರೊಟ್ಟಿ ಅರ್ಧ ಕಮ್ಮಿ ಆತು ಅಂತ ಯಾರಿಗೂ ತಿಳಿಯೂದಿಲ್ಲ. ಮಳಿ ಹಿಡಿದು ಪೊರಕಿ ಮಾರದಿದ್ದ ವಾರ ನಾವು ಅದನ್ನ ಉಂಡೇವಿ."

ರಾಣಿ ಹೌದೆಂದು ತಲೆಯಾಡಿಸಿದಳು.

"ನಾನೂ ಅದನ್ನೇ ಹೇಳುವವನಿದ್ದೆ!" ಎಂದ ವ್ಯಾಪಾರಿ.

"ಹಾಗಾದರೆ ಈ ಸಲ ನೀವೇ ಮೊದಲು" ಎಂದಳು ರಾಣಿ. "ಕೊಳ್ಳುವಾಗ ಅಗ್ಗ, ತಂದಮೇಲೆ ದಿನದಿನಕ್ಕೂ ದುಬಾರಿ. ತಂದವನು ಮೀಸೆ ತಿರುವುತ್ತಾನೆ, ಮನೆಯವಳು ಅದನ್ನು ಎಲ್ಲಿಡಲಿ ಎಂದು ಜಾಗ ಹುಡುಕುತ್ತಾಳೆ. ಏನದು?"

ವ್ಯಾಪಾರಿ ಬೆವರು ಒರೆಸಿಕೊಂಡ. "ಮನೆ ಅಳಿಯ!" ಎಂದುಬಿಟ್ಟ. ಸಭೆಯಲ್ಲಿ ನಗು ಎದ್ದಿತು. ರಾಣಿ ನಗಲಿಲ್ಲ. ಅವನನ್ನೂ ಕರೆದೊಯ್ದರು.

"ಬ್ಯಾಡಾದ ಸಾಮಾನು, ಅಗ್ಗಕ್ಕ ಸಿಕ್ತು ಅಂತ ತಂದದ್ದು" ಎಂದ ಬರಮ. "ನಮ್ಮಣ್ಣ ಸಂತಿಯಿಂದ ಅರ್ಧ ಬೆಲಿಗೆ ಒಂದು ಕುದುರಿ ಹಿಡಕೊಂಡು ಬಂದಿದ್ದ. ನಮಗ ಹೋಗೂ ಊರು ಒಂದೂ ಇರಲಿಲ್ಲ. ಅದು ನಿಂತಲ್ಲೇ ನಿಂತು ನಮ್ಮ ಮೂರು ಮಂದಿ ಖರ್ಚು ತಾನೊಂದೇ ತಿಂತು." ಹೇಳುತ್ತ ಹೇಳುತ್ತ ಅವನಿಗೆ ಅಣ್ಣನ ಮುಖ ನೆನಪಾಯಿತು. ರಾಣಿ ಈ ಸಲವೂ ಹೌದೆಂದಳು.

"ಇನ್ನು ಕಡೆಯದು" ಎಂದಳು ರಾಣಿ. "ಈ ಸಭೆಯಲ್ಲೇ ಒಬ್ಬನಿದ್ದಾನೆ. ಹನ್ನೆರಡು ವರ್ಷದಿಂದ ಹಗಲೆಲ್ಲ ಕೂತು ಉಣ್ಣುತ್ತಾನೆ, ಹಗಲಲ್ಲಿ ಕಡ್ಡಿ ಕೆಲಸ ಮಾಡುವುದಿಲ್ಲ. ಅವನಿಗೆ ಸಾಕು ಅನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಅವನನ್ನು ತೋರಿಸು."

ಮಂತ್ರಿ ಕಾಲುಬೆರಳು ನೋಡಿಕೊಂಡ. ಖಜಾಂಚಿ ಕೆಮ್ಮಿದ. ಆಸ್ಥಾನ ಜ್ಯೋತಿಷಿ ಮೆಲ್ಲಗೆ ಕಂಬದ ಮರೆಗೆ ಸರಿದ. ಪ್ರತಿಯೊಬ್ಬನಿಗೂ ಅದು ತಾನೇ ಎಂಬ ಅನುಮಾನ.

ಬರಮ ಮಂತ್ರಿಯ ಕಡೆ ಕೈ ಎತ್ತಿದ್ದ. ಆದರೆ ಹಗಲಲ್ಲಿ ಮಾತ್ರ ಕೆಲಸವಿಲ್ಲ ಅಂದರೆ ರಾತ್ರಿ ದುಡಿಯುವವನಿರಬೇಕು; ಮಂತ್ರಿ ಹಾಗೆ ಕಾಣಲಿಲ್ಲ. ಕೈ ಇಳಿಸಿದ. ಕಿಟಕಿಯಿಂದ ಬಂದ ಬಿಸಿಲು ನೆಲದ ಮೇಲೆ ಹಾಸಿತ್ತು. ಆ ಬಿಸಿಲಲ್ಲಿ ಸಾಲಾಗಿ ನಲವತ್ತು ಕಂಬದೀಪಗಳು ಉರಿಯುತ್ತಿದ್ದವು, ಅವುಗಳ ಬೆಳಕು ಯಾರ ಮುಖದ ಮೇಲೂ ಬಿದ್ದಿರಲಿಲ್ಲ. ಹಳ್ಳೆಣ್ಣೆಯ ವಾಸನೆ ಮಾತ್ರ ಮೂಗಿಗೆ ಬಡಿಯುತ್ತಿತ್ತು.

ಅವನು ಮೊದಲ ದೀಪದ ಬಳಿ ಹೋದ. ಅದಕ್ಕೆ ಮುಡಿಸಿದ್ದ ಸೇವಂತಿಗೆಯಲ್ಲಿ ಒಂದು ಹೂ ಬಿಡಿಸಿಕೊಂಡು ಬತ್ತಿಗೆ ಮೆಲ್ಲಗೆ ಒತ್ತಿದ. ದೀಪ ಹೊಗೆಯಾಡಿ ನಿಂತಿತು.

"ಅಪಶಕುನ!" ಜ್ಯೋತಿಷಿ ಕೂಗಿದ. ಭಟರು ಮುನ್ನುಗ್ಗಿದರು.

"ನಿಲ್ಲಿ!" ರಾಣಿ ಎದ್ದು ನಿಂತಿದ್ದಳು. "ಏನು ಮಾಡಿದೆ ನೀನು?"

"ಶಾಂತ ಮಾಡಿದೆನ್ರಿ" ಎಂದ ಬರಮ ಕೈ ಮುಗಿದು. "ನಮ್ಮವ್ವ ದಿನಾ ಮುಂಜಾನೆ ಹಿಂಗ ಹೂವಿನಿಂದ ಮುಟ್ಟಿ, 'ಹೋಗಿ ಬಾ ತಾಯಿ, ಸಂಜಿಗೆ ಬಾ' ಅಂತಾಳ. ಊದೂದಿಲ್ಲ, ಕೆಟ್ಟ ಮಾತೂ ಆಡೂದಿಲ್ಲ. ದೇವರ ಮುಂದಿನ ನಂದಾದೀಪ ಇರ್ಲಿ. ಉಳಿದವಕ್ಕ ಹಗಲು ಏನು ಕೆಲಸ?"

ರಾಣಿಯ ಕಣ್ಣು ತುಂಬಿತು. "ಮಹಾರಾಜರು ಹೋದ ದಿನ ಹಚ್ಚಿದ ದೀಪಗಳು ಇವು" ಎಂದಳು. "ದಿನಕ್ಕೆ ಎರಡು ಕೊಡ ಎಣ್ಣೆ. ನೋಡುತ್ತಲೇ ಇದ್ದೆ. ಗಂಡನನ್ನು ಕಳೆದುಕೊಂಡವಳು ದೀಪ ತೆಗೆಯಿರಿ ಎಂದರೆ ಜನ ಏನಂದಾರು? ಈ ಮಾತು ಇನ್ನೊಬ್ಬರ ಬಾಯಿಂದ ಬರಲಿ ಎಂದು ಒಗಟು ಕಟ್ಟಿದೆ. ಬಾಯಿಬಡುಕರು ಬಾರದಿರಲಿ ಎಂದು ತಲೆಯ ಭಯ ಹಾಕಿದೆ. ಅವರೇ ಹೆಚ್ಚು ಬಂದರು."

ಅವಳು ಕೆಳಗಿಳಿದು ಬಂದು ಹೂವೊಂದನ್ನು ಬಿಡಿಸಿ, ಎರಡನೆಯ ದೀಪವನ್ನು ತಾನೇ ಶಾಂತ ಮಾಡಿದಳು. ನಂತರ ಸೊಂಟದ ಬೀಗದಕೈ ಬಿಚ್ಚಿ ಬರಮನ ಅಂಗೈಗೆ ಹಾಕಿದಳು. "ಇನ್ನೇನು ಬೇಕು, ಕೇಳು."

"ಸೆರಿಮನಿಯಾಗ ಇದ್ದವರನ್ನೆಲ್ಲ ಬಿಡಬೇಕ್ರಿ. ಅವರಾಗ ಒಬ್ಬಾವ ನಮ್ಮಣ್ಣ."

ಆ ಸಂಜೆ ಯಲ್ಲಪ್ಪ ತಲೆ ತಗ್ಗಿಸಿಕೊಂಡು ಮನೆಯ ಹೊಸಿಲು ದಾಟಿದ. ಗೊಣಗುತ್ತಿದ್ದ ಪಂಡಿತರೂ ಹಸಿದ ಮುತ್ತಿನ ವ್ಯಾಪಾರಿಯೂ ಬರಮ ಊಟಕ್ಕೆ ಕರೆದನೆಂದು ಅವನ ಬೆನ್ನಿಗೇ ಬಂದಿದ್ದರು. ತಾಯಿ ಮಗನನ್ನು ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಗಡಿಗೆ ಇಳಿಸಿ ಮೊರಕ್ಕೆ ಜೋಳ ಸುರಿದಳು. ಅಣ್ಣನ ಪಾಲು ಅಷ್ಟೂ ಅಲ್ಲಿತ್ತು. ಎಲ್ಲರಿಗೂ ಹೊಟ್ಟೆ ತುಂಬ ಆಗುವಷ್ಟು.

ಬೀಸುಕಲ್ಲಿನ ಮುಂದೆ ಕೂತವಳು, ಒಂದು ಹಿಡಿ ತೆಗೆದು ಮತ್ತೆ ಗಡಿಗೆಗೆ ಹಾಕಿದಳು.